ಫುಟ್‌ಬಾಲಿಗೂ ಒಂದು ಟ್ಯೂಷನ್

ಮೊನ್ನೆ ಶನಿವಾರ ಕಾರಿನ ಡಿಕ್ಕಿ ಗುಡಿಸಲು ಹೋದವಳಿಗೆ, ಹಳೇ ಕಂಬಳಿಯ ಕೆಳಗೆ ಹನ್ನೊಂದು ಪ್ಲಾಸ್ಟಿಕ್ ತಟ್ಟೆಗಳು ಸಿಕ್ಕಿದವು. ಕಿತ್ತಳೆ ಬಣ್ಣ, ನಡುವೆ ಒಂದು ತೂತು. ಆಟದ ಮೈದಾನದಲ್ಲಿ ಗುರುತಿಗೆಂದು ಹುಲ್ಲಿನ ಮೇಲೆ ಸಾಲಾಗಿ ಇಡುತ್ತಾರಲ್ಲ, ಆ ಕೋನುಗಳು. ನೋಡಿದ್ದೇ ತಡ, ಪಿತ್ತ ನೆತ್ತಿಗೇರಿತು. ಎರಡೂ ಕೈಯಲ್ಲಿ ಬಾಚಿಕೊಂಡು ದಡದಡ ಕಸದ ತೊಟ್ಟಿಗಳ ಹತ್ತಿರ ಹೋದೆ.

ಅಲ್ಲಿ ಹೋದರೆ ಇನ್ನೊಂದು ಪೀಕಲಾಟ. ಇಂಗ್ಲಿಷರ ದೇಶದ ಈ ಪಿನ್ನರಿನಲ್ಲಿ ನಮ್ಮ ಮನೆಯ ಮುಂದೆ ಮೂರು ತೊಟ್ಟಿಗಳಿವೆ. ಯಾವುದರಲ್ಲಿ ಏನು ಹಾಕಬೇಕು ಎಂದು ಕೌನ್ಸಿಲ್‌ನವರು ವರ್ಷಕ್ಕೊಂದು ಕಾಗದ ಕಳಿಸುತ್ತಾರೆ. ತಪ್ಪು ತೊಟ್ಟಿಗೆ ಹಾಕಿದರೆ ಅದನ್ನು ಎತ್ತದೆ ಹಾಗೇ ಬಿಟ್ಟು ಹೋಗುತ್ತಾರೆ, ಬೀದಿಯವರೆಲ್ಲ ನೋಡುವ ಹಾಗೆ. ತೂತಿರುವ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಯಾವುದಕ್ಕೆ ಸೇರಿದ್ದು? ಕಾಗದದಲ್ಲಿ ಮೊಸರಿನ ಡಬ್ಬಿ ಇತ್ತು, ಶಾಂಪೂ ಬಾಟಲಿ ಇತ್ತು, ಮೂರ್ಖತನದ ಗುರುತಿಗೆ ಇಟ್ಟುಕೊಂಡ ಕೋನಿನ ಹೆಸರು ಇರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಎಷ್ಟು ಒಳ್ಳೆಯ ಬಿಸಿಲು ಅಲ್ಲವೇ ಎಂದರು. ಹೌದು ಹೌದು ಎಂದು ಹಲ್ಲು ಕಿರಿದೆ. ಈ ಊರಿನಲ್ಲಿ ಸಿಟ್ಟು ಬಂದವರಿಗೆ ನಿಲ್ಲಲಿಕ್ಕೆ ಸರಿಯಾದ ಜಾಗವೇ ಇಲ್ಲ. ಎಲ್ಲಿ ನಿಂತರೂ ಯಾರಾದರೂ ಒಬ್ಬರು ಬಂದು ಹವಾಮಾನ ಮಾತಾಡುತ್ತಾರೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅಮ್ಮನಿಂದ ಬಂದದ್ದು, ಅವಳಿಗೆ ಅವಳ ಅಮ್ಮನಿಂದ. ಗಂಡ ರಘು ಇದನ್ನು ಮದುವೆಯಾದ ವಾರದಲ್ಲೇ ಅರ್ಥ ಮಾಡಿಕೊಂಡವರು, ನಾನು ಪಾತ್ರೆ ಕುಕ್ಕುವ ಸದ್ದು ಕೇಳಿದರೆ ಸಾಕು, ಮಹಡಿ ಮೇಲೆ ಹೋಗಿ ಯಾವುದಾದರೂ ಡ್ರಾವರ್ ಸರಿಮಾಡಲು ಶುರು ಮಾಡುತ್ತಾರೆ. ಆದರೆ ಈ ಕೋನುಗಳ ಸಿಟ್ಟು ಬೇರೆ ಜಾತಿಯದು. ಇದಕ್ಕೆ ಒಂದು ವರ್ಷ ತುಂಬಿತು, ಇನ್ನೂ ಆರಿಲ್ಲ. ಯಾರ ಮೇಲೆ ಎಂದು ಕೇಳಿದರೆ ಮೊದಲು ಬೇರೆಯವರ ಹೆಸರುಗಳನ್ನೆಲ್ಲ ಹೇಳುತ್ತೇನೆ. ನನ್ನ ಸರದಿ ಆಮೇಲೆ.

ನಮ್ಮ ಮಗಳು ಸಿರಿ. ಈಗ ಹದಿನೈದು. ಅವಳ ಹೈಸ್ಕೂಲಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಮುಂದೆ ಆಡುವವಳು, ಅಂದರೆ ಗೋಲು ಹೊಡೆಯುವ ಜಾಗದಲ್ಲಿ. ನಮ್ಮ ವಂಶದಲ್ಲಿ ಫುಟ್‌ಬಾಲ್ ಆಡಿದವರು ಗಂಡಸರಲ್ಲೂ ಇಲ್ಲ. ಇವಳು ಮೊದಲ ಗೋಲು ಹೊಡೆದ ದಿನ ರಘು ತೆಗೆದ ವಿಡಿಯೋದಲ್ಲಿ ಗೋಲು ಕಾಣಿಸುವುದಿಲ್ಲ, ಆಕಾಶ ಕಾಣಿಸುತ್ತದೆ, ಏಕೆಂದರೆ ಇವರು ಕುಣಿಯುತ್ತಿದ್ದರು. ಆ ಆಕಾಶವನ್ನೇ ಉಡುಪಿ, ಮುಂಬೈ, ಶಾರ್ಜಾ ಎಲ್ಲ ಕಡೆಯ ನೆಂಟರಿಗೂ ಕಳಿಸಿದೆವು. ಎಲ್ಲರೂ ಹೆಬ್ಬೆರಳು ತೋರಿಸಿದರು.

ಹೋದ ವರ್ಷ ಜುಲೈನಲ್ಲಿ ಶಾಲೆ ಮುಗಿಯುವ ವಾರ ಒಂದು ಪತ್ರ ಬಂತು. ಕಳಿಸಿದವರು ಮಿಸ್ ಡಾಲ್ಟನ್, ಸಿರಿಯ ಶಾಲೆಯ ಆಟದ ಟೀಚರ್. ತೆಳ್ಳಗೆ, ಬಿಸಿಲಿಗೆ ಕೆಂಪಾದ ಮೂಗು, ಮಳೆ ಬರಲಿ ಬಿಡಲಿ ಯಾವಾಗಲೂ ಚಡ್ಡಿ. ಆಗಸ್ಟಿನಲ್ಲಿ ನಾಲ್ಕು ವಾರ, ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಎರಡೆರಡು ಗಂಟೆ, ತಂಡದ ಎಲ್ಲರಿಗೂ ಪಾಸಿಂಗ್ ಅಭ್ಯಾಸ. ರಜೆಯಲ್ಲಿ ಆಕೆ ತನ್ನ ಇಷ್ಟದಿಂದ ಮಾಡಿಸುವುದು, ಬಲವಂತವಿಲ್ಲ, ಆದರೆ ಬಂದರೆ ಒಳ್ಳೆಯದು ಎಂದು ಬರೆದಿದ್ದರು. ಇಂಗ್ಲಿಷರು ‘ಬಂದರೆ ಒಳ್ಳೆಯದು’ ಎಂದರೆ ಬರಲೇಬೇಕು ಎಂದು ಅರ್ಥ. ಇದನ್ನು ತಿಳಿಯಲು ನನಗೆ ಈ ದೇಶದಲ್ಲಿ ಕಳೆದ ಹದಿನೆಂಟು ವರ್ಷ ಸಾಲಲಿಲ್ಲ.

ಮೊದಲ ದಿನ ಇಬ್ಬರೂ ಲೀವ್ ಹಾಕಿ ಹೋದೆವು. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ, ಚಕ್ಕುಲಿ. ಏನೋ ದೊಡ್ಡದು ಕಾಣುತ್ತದೆ ಎಂದು ಕೂತೆವು. ಕಂಡದ್ದೇನು? ಹುಡುಗಿಯರು ಇಬ್ಬಿಬ್ಬರಾಗಿ ಎದುರುಬದುರು ನಿಂತರು. ಇವಳು ಅವಳಿಗೆ ಚೆಂಡು ದೂಡಿದಳು. ಅವಳು ಇವಳಿಗೆ ದೂಡಿದಳು. ಮತ್ತೆ ಇವಳು ಅವಳಿಗೆ. ಹೀಗೆ ಅರ್ಧ ಗಂಟೆ. ಆಮೇಲೆ ಮೂವರು ಮೂವರು ನಿಂತು ಅದನ್ನೇ ಮಾಡಿದರು. ಸಿರಿಯ ಎದುರಿಗೆ ನಿಂತಿದ್ದವಳು ಫಾತುಮಾ, ತಲೆಗೆ ಕಪ್ಪು ವಸ್ತ್ರ ಬಿಗಿದು ಕಟ್ಟಿದ, ಉದ್ದ ಕಾಲಿನ ಸೊಮಾಲಿ ಹುಡುಗಿ. ಚೆಂಡು ಬರುವ ಮೊದಲೇ ಅವಳು ‘ಸಿರಿ!’ ಎಂದು ಕೂಗುತ್ತಿದ್ದಳು. ಇವಳು ಅವಳ ಹೆಸರನ್ನು ಮೊಟಕು ಮಾಡಿ ‘ಫ್ಯಾಟ್ಸ್!’ ಎಂದು ಕೂಗುತ್ತಿದ್ದಳು. ಎರಡು ಗಂಟೆಯಲ್ಲಿ ನೋಡಲು ಸಿಕ್ಕಿದ ಸ್ವಾರಸ್ಯ ಅಷ್ಟೇ.

“ಎಂತ ಇದು ಮಾರಾಯ್ತಿ,” ಎಂದರು ರಘು ಚಕ್ಕುಲಿ ಮುರಿಯುತ್ತ. “ಗೋಲ್ ಪೋಸ್ಟ್ ಅಲ್ಲೇ ಉಂಟು. ಯಾರೂ ಅದರ ಕಡೆ ತಿರುಗಿ ನೋಡುದೇ ಇಲ್ಲ ಅಲ್ವಾ?”

“ಅದನ್ನೇ ನಾನೂ ನೋಡ್ತಾ ಇದ್ದೇನೆ. ಇದಕ್ಕೆ ನಾನು ಲೀವ್ ಹಾಕಿದ್ದಾ?”

ನನ್ನ ಆಟದ ಜ್ಞಾನ ಎಲ್ಲಿಂದ ಬಂದದ್ದು ಎಂದು ಇಲ್ಲೇ ಹೇಳಿಬಿಡುತ್ತೇನೆ, ನಗಬೇಡಿ. ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂರು ವರ್ಷ ನಾನು ಥ್ರೋಬಾಲ್ ತಂಡದಲ್ಲಿದ್ದೆ. ಎರಡು ಜಡೆ ಮಡಚಿ ಕೆಂಪು ರಿಬ್ಬನ್ ಕಟ್ಟಿ, ಉದ್ದ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ಮುರಕಲ್ಲಿನ ಪುಡಿ ತುಂಬಿದ ಅಂಗಳದಲ್ಲಿ ಬರಿಗಾಲಲ್ಲಿ ಆಡುತ್ತಿದ್ದೆವು. ಬಿಳಿ ಯೂನಿಫಾರಂ ಸಂಜೆ ಹೊತ್ತಿಗೆ ಕಾವಿ ಬಣ್ಣಕ್ಕೆ ತಿರುಗಿ, ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನ ಹೆಸರು ಹೇಳಿ ಹೇಳಿ ಬಡಿಯುತ್ತಿದ್ದಳು. ಥ್ರೋಬಾಲಿನಲ್ಲಿ ಚೆಂಡು ಕೈಗೆ ಬಂದರೆ ಪಕ್ಕದವಳಿಗೆ ಕೊಡುವಂತಿಲ್ಲ. ಹಿಡಿದವಳೇ ನೆಟ್ಟಿನ ಆಚೆ ಎಸೆಯಬೇಕು. ಪಕ್ಕದವಳು ಇದ್ದಾಳೋ ಸತ್ತಿದ್ದಾಳೋ ನೋಡುವ ಅಗತ್ಯವಿಲ್ಲ. ನಾನು ಬಲವಾಗಿ ಎಸೆಯುತ್ತಿದ್ದೆ. ತಾಲೂಕು ಮಟ್ಟದಲ್ಲಿ ಗೆದ್ದು ತಂದ ಸ್ಟೀಲ್ ಡಬ್ಬಿಯಲ್ಲಿ ಅಮ್ಮ ಈಗಲೂ ಸಾಸಿವೆ ಹಾಕಿಟ್ಟಿದ್ದಾಳೆ. ಇಷ್ಟು ವಿದ್ಯೆ ಇಟ್ಟುಕೊಂಡು ನಾನು ಮಿಸ್ ಡಾಲ್ಟನ್‌ಗೆ ಫುಟ್‌ಬಾಲ್ ಕಲಿಸಲು ಹೊರಟವಳು.

ಅದೇ ವಾರಾಂತ್ಯ ನಮ್ಮ ಕನ್ನಡದವರ ಒಂದು ಊಟ ಇತ್ತು, ಬಾಡಿಗೆ ಹಾಲಿನಲ್ಲಿ. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಮಾತು ಹೊರಟಿತು. ಶರ್ಮಿಳಾ ಬೆಂಗಳೂರಿನವರು, ಅವರ ಇಬ್ಬರು ಮಕ್ಕಳಿಗೂ ವಾರದಲ್ಲಿ ಟ್ಯೂಷನ್ ಇಲ್ಲದ ಸಂಜೆ ಇಲ್ಲ. ಗಣಿತ, ಇಂಗ್ಲಿಷ್, ಪಿಯಾನೋ, ಚೆಸ್, ಈಜು. ಒಮ್ಮೆ ಚಿಕ್ಕವನಿಗೆ ಬರವಣಿಗೆ ದುಂಡಗಾಗಲು ಒಬ್ಬರನ್ನು ಇಟ್ಟಿದ್ದರು.

“ಏನ್ ವಸು, ನಾಲ್ಕ್ ವಾರಾನೂ ಬರೀ ಪಾಸಿಂಗಾ?” ಎಂದರು ಅವರು, ಕಣ್ಣು ಅಗಲಿಸಿ. “ಅಯ್ಯೋ, ಟೈಮ್ ವೇಸ್ಟು ಕಣ್ರೀ. ಗುಂಪಲ್ಲಿ ಏನ್ ಕಲೀತಾರೆ? ನಮ್ ದೊಡ್ಡವನಿಗೆ ಒನ್ ಟು ಒನ್ ಹಾಕ್ಸಿದೀವಿ. ಬರೀ ಗೋಲ್ ಹೊಡಿಯೋದೇ ಹೇಳ್ಕೊಡ್ತಾರೆ. ನಿಮ್ ಸಿರಿ ಹೆಂಗಿದ್ರೂ ಸ್ಟ್ರೈಕರ್ ತಾನೆ? ಅವಳ್ಯಾಕ್ ಬೇರೆಯವರಿಗೆ ಚೆಂಡ್ ಕೊಡ್ಬೇಕು?”

ಆ ಕೊನೆಯ ಮಾತು ಇದೆಯಲ್ಲ, ಅದು ನನಗೆ ಎಷ್ಟು ಸರಿ ಎನಿಸಿತು ಎಂದರೆ ಮೆಲ್ಲಗೆ ಫೋನ್ ತೆಗೆದು ನಂಬರ್ ಬರೆದುಕೊಂಡೆ. ನಮ್ಮವರ ಕಾಯಿಲೆಯೇ ಇದು, ಮಾರಾಯ್ರೆ. ಮಗು ನಕ್ಕರೆ ನಗುವಿಗೊಂದು ಟ್ಯೂಷನ್ ಹುಡುಕುತ್ತೇವೆ. ಹತ್ತು ಮಕ್ಕಳ ಜೊತೆ ಸೇರಿ ಆಗುವ ಯಾವುದನ್ನೂ ನಾವು ಕಲಿಕೆ ಎಂದು ಒಪ್ಪುವುದಿಲ್ಲ. ನಮ್ಮದು ಒಂದೇ, ಅದು ಮುಂದೆ ಹೋಗಬೇಕು, ಪಕ್ಕದ್ದು ಎಲ್ಲಿದೆ ಎಂದು ತಿರುಗಿ ನೋಡಬಾರದು. ಶರ್ಮಿಳಾ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಆದರೆ ಆಕೆ ಹೇಳಿದ್ದಷ್ಟೇ. ಮಾಡಿದ್ದು ನಾನು.

ಹೀಗೆ ಸಿರಿಗೆ ಪಕ್ಕದ ಊರಾದ ಅಕ್ಸ್‌ಬ್ರಿಡ್ಜಿನ ಒಂದು ಪಾರ್ಕಿನಲ್ಲಿ ಫುಟ್‌ಬಾಲ್ ಟ್ಯೂಷನ್ ಶುರುವಾಯಿತು. ಹೇಳಿಕೊಡುವವನು ಒಬ್ಬ ಯುವಕ, ಕಿವಿಯಲ್ಲಿ ಓಲೆ, ಎಲ್ಲದಕ್ಕೂ ‘ಬ್ರಿಲಿಯಂಟ್’ ಅನ್ನುತ್ತಿದ್ದ. ಅವನು ಇರದ ದಿನ ನಾವೇ ಅಭ್ಯಾಸ ಮಾಡಿಸಲಿಕ್ಕೆಂದು ರಘು ತಂದದ್ದೇ ಆ ಕೋನುಗಳು. ಸಿರಿ ಒಬ್ಬಳೇ ಕೋನುಗಳ ಸಂದಿಯಲ್ಲಿ ನುಗ್ಗಿ ನುಗ್ಗಿ ಗೋಲು ಹೊಡೆಯುತ್ತಿದ್ದಳು. ಕೋನುಗಳು ಅಡ್ಡ ಬರುತ್ತಿರಲಿಲ್ಲ, ಕಾಲು ಕೊಡುತ್ತಿರಲಿಲ್ಲ, ಚೆಂಡು ಕೇಳುತ್ತಲೂ ಇರಲಿಲ್ಲ.

ಸಿರಿ ಬೇಡ ಎಂದಿದ್ದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ಎಲ್ಲರೂ ಅಲ್ಲಿರುವಾಗ ನಾನು ಇಲ್ಲಿ ಯಾಕೆ ಎಂದು ಕೇಳಿದಳು. ದಿನ ಬಿಟ್ಟು ದಿನ ಎರಡೂ ಕಡೆ ಹೋಗುತ್ತೇನೆ ಎಂದಳು. ಸುಸ್ತಾಗುತ್ತದೆ, ಒಂದನ್ನಾದರೂ ಸರಿಯಾಗಿ ಮಾಡು ಎಂದು ನಾನೇ ಬಾಯಿ ಮುಚ್ಚಿಸಿದೆ. ಇನ್ನು ಮಿಸ್ ಡಾಲ್ಟನ್‌ಗೆ ಏನು ಹೇಳುವುದು? ಟ್ಯೂಷನ್‌ಗೆ ಹಾಕಿದ್ದೇವೆ ಎಂದರೆ ಚೆನ್ನಾಗಿರುವುದಿಲ್ಲ. ಆಗ ನಮ್ಮವರೆಲ್ಲ ಶಾಲೆಗೆ, ಆಫೀಸಿಗೆ, ತಲತಲಾಂತರದಿಂದ ಹೇಳಿಕೊಂಡು ಬಂದ ಕಾರಣವನ್ನೇ ನಾನೂ ಬರೆದೆ. ಊರಿನಲ್ಲಿ ಅಜ್ಜಿಗೆ ತೀರಾ ಹುಷಾರಿಲ್ಲ, ನಾಳೆಯೇ ಇಂಡಿಯಾಕ್ಕೆ ಹೊರಡುತ್ತಿದ್ದೇವೆ, ಆಗಸ್ಟ್ ಕೊನೆಗೆ ವಾಪಸ್.

ಬರೆಯುವುದು ಸುಲಭ. ಇಂಡಿಯಾಕ್ಕೆ ಹೋದವರು ಪಿನ್ನರಿನಲ್ಲಿ ಬದುಕುವುದು ಕಷ್ಟ. ಸಿರಿ ಟ್ಯೂಬ್ ರೈಲು ಹತ್ತುವಂತಿಲ್ಲ, ಅಂಗಡಿಗಳಿರುವ ಹೈ ಸ್ಟ್ರೀಟಿಗೆ ಹೋಗುವಂತಿಲ್ಲ, ಫೋಟೋ ಹಾಕುವಂತಿಲ್ಲ. ಐಸ್‌ಕ್ರೀಮ್ ಬೇಕಾದರೆ ರಘು ತರಬೇಕು. ಎರಡನೇ ವಾರ ಅಕ್ಸ್‌ಬ್ರಿಡ್ಜಿನ ಒಂದು ಬಟ್ಟೆ ಅಂಗಡಿಯಲ್ಲಿ ದೂರದಿಂದ ಚಡ್ಡಿ ಕಂಡಿತು, ಕೆಂಪು ಮೂಗು ಕಂಡಿತು. ಮಿಸ್ ಡಾಲ್ಟನ್! ಸಿರಿಯ ತೋಳು ಹಿಡಿದು ಎಳೆದುಕೊಂಡು ಹೋಗಿ, ಸಾಲಾಗಿ ತೂಗುಹಾಕಿದ್ದ ಚಳಿಗಾಲದ ಕೋಟುಗಳ ಒಳಗೆ ನುಗ್ಗಿದೆ. ಆಗಸ್ಟಿನಲ್ಲಿ ಉಣ್ಣೆಯ ಕೋಟು ಮಾರುವ ದೇಶವಿದು, ಆ ಹೊತ್ತಿಗೆ ಮಾತ್ರ ಅದು ದೇವರ ದಯೆ ಎನಿಸಿತು. ಐದು ನಿಮಿಷ ಬೆವರು ಸುರಿಸುತ್ತ ನಿಂತೆವು. ಸಿರಿ ನನ್ನ ಮುಖ ನೋಡಲಿಲ್ಲ.

ಮೂರನೇ ವಾರ ಅಂಚೆಯಲ್ಲಿ ಒಂದು ದೊಡ್ಡ ಲಕೋಟೆ ಬಂತು. ಒಳಗೆ ಕಾರ್ಡು. ತಂಡದ ಹುಡುಗಿಯರೆಲ್ಲ ಸೇರಿ ಸಿರಿಯ ಅಜ್ಜಿ ಬೇಗ ಗುಣವಾಗಲಿ ಎಂದು ಬರೆದು ಸಹಿ ಹಾಕಿದ್ದರು. ಫಾತುಮಾ, ನನ್ನ ಅಜ್ಜಿಗೂ ಹೀಗೇ ಆಗಿತ್ತು, ನಾನು ದಿನಾ ಪ್ರಾರ್ಥನೆ ಮಾಡುತ್ತೇನೆ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಆ ಕಾರ್ಡನ್ನು ಸಿರಿ ಮೇಜಿನ ಮೇಲೆ ಕವುಚಿ ಹಾಕಿ ಮಹಡಿಗೆ ಹೋದಳು. ಅದೇ ಹೊತ್ತಿಗೆ ಊರಿಂದ ಅಮ್ಮನ ವಿಡಿಯೋ ಕಾಲ್. ರಘುವಿಗೆ ಗುಟ್ಟು ಅಂದರೆ ಏನೆಂದೇ ಗೊತ್ತಿಲ್ಲ, ಕಾರ್ಡು ಎತ್ತಿ ತೋರಿಸಿ ಎಲ್ಲ ಹೇಳಿಬಿಟ್ಟರು.

“ನನ್ನನ್ನು ಮಲಗಿಸಿಯೇ ಬಿಟ್ಟೆಯಲ್ಲ ಹಾಸಿಗೆಯಲ್ಲಿ!” ಎಂದು ಅಮ್ಮ ಅಬ್ಬರಿಸಿದಳು. “ಈಗಷ್ಟೇ ಬಾವಿಕಟ್ಟೆ ತೊಳೆದು ಬಂದವಳು ನಾನು. ನಿನ್ನ ಬಾಯಿಗೆ ಒಳ್ಳೆದು ಬರುದೇ ಇಲ್ವಾ? ಆ ಮಕ್ಕಳು ಪಾಪ, ನನಗೋಸ್ಕರ ದೇವರಿಗೆ ಕೈ ಮುಗಿತಾ ಕೂತಿದ್ದಾವಂತೆ. ನಾಚಿಗೆ ಆಗುದಿಲ್ವಾ ನಿಂಗೆ?”

ಸಿಗ್ನಲ್ ಸರಿ ಇಲ್ಲ ಎಂದು ಹೇಳಿ ಫೋನ್ ಇಟ್ಟೆ. ಆ ತಿಂಗಳು ನನ್ನ ಬಾಯಿಂದ ಬಂದ ಸುಳ್ಳುಗಳಿಗೆ ಇನ್ನೊಂದು ಸೇರಿತು.

ಸೆಪ್ಟೆಂಬರಿನ ಮೊದಲ ಪಂದ್ಯ. ನಮ್ಮ ಸಿರಿ ಹೊಳೆಯುವ ಬೂಟು ಹಾಕಿಕೊಂಡು ಮುಂದೆ ನಿಂತಳು. ಚೆಂಡು ಸಿಕ್ಕಿದ ಮೊದಲ ಸಲವೇ ಇಬ್ಬರನ್ನು ದಾಟಿದಳು. ರಘು ಫೋನ್ ಎತ್ತಿ ಹಿಡಿದುಕೊಂಡೇ “ಹೊಡಿ ಮಗಾ, ಹೊಡಿ!” ಎಂದು ಕಿರುಚಿದರು. ಎಡಗಡೆ ಫಾತುಮಾ ಒಬ್ಬಳೇ ನಿಂತು ಕೈ ಎತ್ತಿ ಕೂಗುತ್ತಿದ್ದಳು. ಸಿರಿ ನೋಡಲಿಲ್ಲ, ಹೊಡೆದಳು, ಚೆಂಡು ಬೇಲಿ ದಾಟಿ ಯಾರದ್ದೋ ತೋಟಕ್ಕೆ ಹೋಯಿತು. ಎರಡನೇ ಸಲ ನೋಡಿದಳು, ಕೊಟ್ಟಳು, ಆದರೆ ಫಾತುಮಾ ಆಗಲೇ ಮುಂದೆ ಓಡಿಬಿಟ್ಟಿದ್ದಳು; ಚೆಂಡು ಅವಳು ಮೊದಲು ಇದ್ದ ಜಾಗಕ್ಕೆ ಹೋಯಿತು. ಉಳಿದವರು ಆ ನಾಲ್ಕು ವಾರದಲ್ಲಿ ಏನು ಕಲಿತಿದ್ದರು ಎಂದು ಅವತ್ತು ನನಗೆ ಕಂಡಿತು. ಯಾರೂ ತಲೆ ಎತ್ತಿ ಹುಡುಕುತ್ತಿರಲಿಲ್ಲ. ಯಾರಿಗೆ ಎಡಗಾಲು ಬೇಕು, ಯಾರು ಎರಡು ಹೆಜ್ಜೆ ತಡವಾಗಿ ಹೊರಡುತ್ತಾಳೆ, ಯಾರು ಹೆದರಿದಾಗ ಹಿಂದಕ್ಕೆ ಕೊಡುತ್ತಾಳೆ, ಎಲ್ಲ ಎಲ್ಲರಿಗೂ ಗೊತ್ತು. ಸಿರಿ ಎಲ್ಲಿ ಇರುತ್ತಾಳೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೆಲ್ಲಗೆ ಅವಳ ಕಡೆ ಚೆಂಡು ಬರುವುದೇ ನಿಂತಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಅರ್ಧ ಆಟಕ್ಕೆ ಮಿಸ್ ಡಾಲ್ಟನ್ ಅವಳನ್ನು ಹೊರಗೆ ಕೂರಿಸಿದರು.

ನಾನು ಸುಮ್ಮನಿರಬೇಕಿತ್ತು. ಎಲ್ಲಿ ಸುಮ್ಮನಿರುತ್ತೇನೆ? ಗೆರೆಯ ಪಕ್ಕದಲ್ಲೇ ಎಲ್ಲ ಅಪ್ಪ ಅಮ್ಮಂದಿರ ಎದುರು ಹೋಗಿ ಏರುದನಿಯಲ್ಲಿ ಕೇಳಿದೆ, ನನ್ನ ಮಗಳಿಗೆ ಚೆಂಡೇ ಕೊಡದೆ ಹೊರಗೆ ಕೂರಿಸುವುದು ಯಾವ ನ್ಯಾಯ ಎಂದು. ಮೊನ್ನೆ ತಾನೆ ಇಂಡಿಯಾದಿಂದ ಬಂದಿದ್ದಾಳೆ, ಜೆಟ್ ಲ್ಯಾಗ್ ಬೇರೆ, ಅಜ್ಜಿಯ ಆರೈಕೆ ಮಾಡಿ ಮಗು ಬಡವಾಗಿದೆ, ಸ್ವಲ್ಪವಾದರೂ ಕನಿಕರ ಬೇಡವೇ ಎಂದೆ. ಸುತ್ತ ಇದ್ದವರು ಬೂಟಿನ ತುದಿ ನೋಡಿದರು.

“ಅಮ್ಮ, ಸ್ಟಾಪ್,” ಎಂದಳು ಸಿರಿ ಹಿಂದಿನಿಂದ. ನಾವು ಇಂಡಿಯಾಕ್ಕೆ ಹೋಗಲೇ ಇಲ್ಲ, ಅಜ್ಜಿಗೆ ಏನೂ ಆಗಿಲ್ಲ, ನಾನು ಅಕ್ಸ್‌ಬ್ರಿಡ್ಜಿನಲ್ಲಿ ಬೇರೆ ಕೋಚಿಂಗ್‌ಗೆ ಹೋಗುತ್ತಿದ್ದೆ ಎಂದು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

ಫಾತುಮಾ ನೀರು ಕುಡಿಯುತ್ತಿದ್ದವಳು ಬಾಟಲಿ ಕೆಳಗಿಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ ಮೈದಾನಕ್ಕೆ ಓಡಿದಳು.

ಮನೆಗೆ ಬರುವಾಗ ರಸ್ತೆ ಕೆಲಸ ನಡೆಯುತ್ತಿತ್ತು, ಕೆಂಪು ದೀಪದ ಮುಂದೆ ನಿಂತೆವು. ಆಗ ಹಿಂದಿನ ಸೀಟಿನಿಂದ ಸಿರಿ, ತಂಡದ ಹುಡುಗಿಯೊಬ್ಬಳು ತನಗೆ ತಿಳಿಸಿದ್ದನ್ನು ಹೇಳಿದಳು. ಆಗಸ್ಟ್ ಪೂರ್ತಿ ಫಾತುಮಾ ಬೇರೆ ಜೊತೆ ಮಾಡಿಕೊಳ್ಳಲಿಲ್ಲವಂತೆ. ಇಬ್ಬಿಬ್ಬರಾಗಿ ನಿಲ್ಲಿ ಎಂದಾಗೆಲ್ಲ ಅವಳು ಮಿಸ್ ಡಾಲ್ಟನ್ ಎದುರಿಗೆ ನಿಲ್ಲುತ್ತಿದ್ದಳಂತೆ. ಯಾರಾದರೂ ಬಾ ಎಂದರೆ, ನನ್ನ ಜೊತೆಯವಳು ಬರುತ್ತಾಳೆ, ಅವಳ ಅಜ್ಜಿಗೆ ಹುಷಾರಿಲ್ಲ ಎನ್ನುತ್ತಿದ್ದಳಂತೆ.

“ಸಾರಿ ಮಗಾ,” ಎಂದೆ.

“ಡೋಂಟ್ ಸೇ ಸಾರಿ ಟು ಮಿ,” ಎಂದಳು.

ಆ ಚಳಿಗಾಲವೆಲ್ಲ ಸಿರಿ ಬೆಂಚಿನ ಮೇಲೆ ಕೂತಳು. ಎಲ್ಲ ಪಂದ್ಯಕ್ಕೂ ಹೋದಳು. ಜಾಕೆಟ್ ಹೊತ್ತಳು, ಚೆಂಡುಗಳ ಚೀಲ ಹೊತ್ತಳು, ಕೆಸರಿನ ಬೂಟುಗಳನ್ನು ಎಣಿಸಿ ಒಳಗಿಟ್ಟಳು. ಅವಳಿಗೆ ಬೇಕಾದದ್ದು ಗೋಲಲ್ಲ, ಪ್ರಶಸ್ತಿಯಲ್ಲ. ಆ ಹುಡುಗಿಯರು ಮತ್ತೆ ತನ್ನನ್ನು ತಮ್ಮವಳು ಎನ್ನಬೇಕು, ಅದೊಂದೇ. ಅವರು ಕೆಟ್ಟವರಲ್ಲ, ಹಲೋ ಅನ್ನುತ್ತಿದ್ದರು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತಿದ್ದರು. ರಘು ಒಮ್ಮೆ ಬೇರೆ ಸ್ಕೂಲ್ ನೋಡುವ ಎಂದರು. ಸಿರಿ ತಟ್ಟೆ ಬಿಟ್ಟು ಎದ್ದಳು. ನಾನು ರಘುವಿಗೆ ಆ ರಾತ್ರಿ ಮಾಡಿದ ಮಂಗಳಾರತಿ ಬೀದಿಗೆಲ್ಲ ಕೇಳಿಸಿರಬೇಕು. ಬೈದದ್ದು ಅವರನ್ನು. ಬೈಸಿಕೊಳ್ಳಬೇಕಾದವಳು ಯಾರು ಎಂದು ಇಬ್ಬರಿಗೂ ಗೊತ್ತಿತ್ತು.

ಮಿಸ್ ಡಾಲ್ಟನ್ ಹತ್ತಿರ ಕ್ಷಮೆ ಕೇಳಲು ನನಗೆ ಮಾರ್ಚ್ ತಿಂಗಳಾಯಿತು. ಪೇರೆಂಟ್ಸ್ ಈವನಿಂಗಿನಲ್ಲಿ, ಒಬ್ಬೊಬ್ಬರಿಗೆ ಐದು ನಿಮಿಷ ಕೊಡುತ್ತಾರಲ್ಲ, ಆ ಸಾಲಿನಲ್ಲಿ ಕೂತು, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದೆ. ಆಕೆ ಪೂರ್ತಿ ಕೇಳಿ, ನನಗೆ ಆಗಲೇ ಗೊತ್ತಿತ್ತು ಎಂದರು. ಅಂಗಡಿಯಲ್ಲಿ ನಿಮ್ಮಿಬ್ಬರನ್ನೂ ನೋಡಿದ್ದೆ, ಕಂದು ಕೋಟು ನಿಮಗೆ ಒಪ್ಪುತ್ತಿತ್ತು ಎಂದರು, ಮುಖದಲ್ಲಿ ನಗುವಿನ ಸುಳಿವೇ ಇಲ್ಲದೆ.

ನನಗೆ ಸಿಟ್ಟು ಬಂತು. ನಿಜವಾಗಿ ಬಂತು. ಗೊತ್ತಿದ್ದರೆ ಅವತ್ತೇ ಮುಖಕ್ಕೆ ಹೇಳಬಾರದಿತ್ತೇ ಎಂದು ಕೇಳಿಯೇಬಿಟ್ಟೆ. ಹೇಳಿದ್ದರೆ ಫಾತುಮಾಗೂ ಹೇಳಬೇಕಾಗುತ್ತಿತ್ತು, ಅದನ್ನು ಸಿರಿಯೇ ಹೇಳಲಿ ಎಂದು ಕಾದೆ ಎಂದರು ಆಕೆ. ಆಮೇಲೆ, ಗೋಲು ಹೊಡೆಯುವುದನ್ನು ನಾನು ಒಂದು ಮಧ್ಯಾಹ್ನದಲ್ಲಿ ಕಲಿಸಬಲ್ಲೆ, ಆದರೆ ಒಬ್ಬಳು ಇನ್ನೊಬ್ಬಳನ್ನು ನೋಡದೆಯೇ ನಂಬುವುದಕ್ಕೆ ಒಂದು ಬೇಸಿಗೆ ಹಿಡಿಯುತ್ತದೆ; ಪಂದ್ಯ ಇಲ್ಲದ, ಅಂಕ ಇಲ್ಲದ, ತಪ್ಪಿದರೆ ಯಾರೂ ಬೈಯದ ಬೇಸಿಗೆ ಎಂದರು. ಐದು ನಿಮಿಷ ಮುಗಿದು ಗಂಟೆ ಹೊಡೆಯಿತು. ಹಿಂದೆ ಕೂತಿದ್ದವರು ಕೆಮ್ಮಿದರು. ನಾನು ಎದ್ದೆ.

ಈ ಜುಲೈನಲ್ಲಿ ಅದೇ ಪತ್ರ ಮತ್ತೆ ಬಂತು. ಸಿರಿಯೇ ಅದನ್ನು ಫ್ರಿಜ್ಜಿಗೆ ಅಂಟಿಸಿದಳು. ನಾನು ಆಫೀಸಿನಲ್ಲಿ ಆ ನಾಲ್ಕು ವಾರವೂ ಬೆಳಗಿನ ಹೊತ್ತು ಲೀವ್ ಕೇಳಿದೆ. ನನ್ನ ಮ್ಯಾನೇಜರ್ ಏನಾದರೂ ತುರ್ತೇ ಎಂದು ಕೇಳಿದ. ಅಜ್ಜಿ ಎಂಬ ಶಬ್ದ ತಾನಾಗಿ ನಾಲಿಗೆಗೆ ಬಂದಿತ್ತು, ನುಂಗಿಕೊಂಡು, ಮಗಳಿಗೆ ಪಾಸಿಂಗ್ ಅಭ್ಯಾಸ ಎಂದೆ. ಅವನು ಸಹಿ ಹಾಕಿದ.

ನಿನ್ನೆ ಸೋಮವಾರ ಮೊದಲ ದಿನ. ಗೇಟಿನ ಹತ್ತಿರ ಕಾರು ನಿಲ್ಲಿಸಿದೆ. ಕುರ್ಚಿ ತಂದಿರಲಿಲ್ಲ, ಚಕ್ಕುಲಿಯೂ ಇಲ್ಲ. ನೀನು ಕಾರಿನಲ್ಲೇ ಇರು ಎಂದು ಸಿರಿ ಮೊದಲೇ ಹೇಳಿದ್ದಳು. ಬೇಲಿಯ ಸಂದಿಯಿಂದ ನೋಡಿದೆ. ಮಿಸ್ ಡಾಲ್ಟನ್ ಸೀಟಿ ಊದಿ ಜೊತೆಯಾಗಿ ನಿಲ್ಲಿ ಎಂದರು. ಚಕಚಕನೆ ಎಲ್ಲರೂ ಜೊತೆಯಾದರು. ಕೆಳಗಿನ ತರಗತಿಯಿಂದ ಬಂದ ಹೊಸ ಹುಡುಗಿಯರೂ ಜೊತೆಯಾದರು. ಸಿರಿ ನಡುವೆ ಒಬ್ಬಳೇ ಉಳಿದಳು, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಚಡ್ಡಿಯ ಅಂಚು ಎಳೆಯುತ್ತಿದ್ದಳು. ಅಷ್ಟು ದೂರದಿಂದಲೂ ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ನನ್ನ ಕೈ ಕಾರಿನ ಬಾಗಿಲಿನ ಮೇಲೆ ಹೋಯಿತು. ಹೋಗಿ ಒಬ್ಬೊಬ್ಬರನ್ನೂ ತರಾಟೆಗೆ ತೆಗೆದುಕೊಳ್ಳಬೇಕೆನಿಸಿತು. ವರ್ಷ ಆಯಿತು, ಇನ್ನೆಷ್ಟು ಶಿಕ್ಷೆ ಕೊಡುತ್ತೀರಿ ಮಗುವಿಗೆ, ಕೊಡುವುದಿದ್ದರೆ ನನಗೆ ಕೊಡಿ ಎಂದು ಕೂಗಬೇಕೆನಿಸಿತು. ಕೈಯನ್ನು ತೆಗೆದು ತೊಡೆಯ ಕೆಳಗೆ ಒತ್ತಿ ಕೂತೆ. ಹಾಗೆ ಕೂತದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಫಾತುಮಾ ತನ್ನ ಜೊತೆಯವಳಿಗೆ ಏನೋ ಹೇಳಿದಳು. ಆ ಹುಡುಗಿ ಪಕ್ಕದ ಇಬ್ಬರ ಹತ್ತಿರ ಹೋಗಿ ಮೂರನೆಯವಳಾದಳು. ಫಾತುಮಾ ನಗಲಿಲ್ಲ, ಕರೆಯಲಿಲ್ಲ, ಚೆಂಡನ್ನು ಸಿರಿಯ ಕಡೆ ಬಿರುಸಾಗಿ ಒದ್ದಳು. ಸಿರಿ ತಡೆಯಲಾಗದೆ ತಡವರಿಸಿ, ಹೇಗೋ ಹಿಡಿದು, ವಾಪಸ್ ಕೊಟ್ಟಳು. ಮತ್ತೆ ಬಂತು. ಮತ್ತೆ ಕೊಟ್ಟಳು. ಹತ್ತು ಸಲ, ಇಪ್ಪತ್ತು ಸಲ, ಇಬ್ಬರೂ ಒಂದು ಮಾತೂ ಇಲ್ಲದೆ. ಎಷ್ಟನೆಯದೋ ಸಲ ಚೆಂಡು ಹೊರಡುವ ಮೊದಲೇ ‘ಸಿರಿ!’ ಎಂಬ ಕೂಗು ಬೇಲಿ ದಾಟಿ ನನ್ನ ತನಕ ಬಂತು.

ಆಗಲೇ ಫೋನ್ ಬಡಿದುಕೊಂಡಿತು. ರಘು, ಆಫೀಸಿನಿಂದ.

“ಹೇಗುಂಟು? ಎಷ್ಟು ಗೋಲ್ ಹೊಡೆದಳು?”

“ಗೋಲಾ?” ಎಂದು ನಾನು ಎಷ್ಟು ಜೋರಾಗಿ ಕಿರುಚಿದೆ ಎಂದರೆ ದಾರಿಯಲ್ಲಿ ನಾಯಿ ಕರೆದುಕೊಂಡು ಹೋಗುತ್ತಿದ್ದವರು ತಿರುಗಿ ನೋಡಿದರು. “ನಿಮ್ಮ ಗೋಲಿಗೆ ಬೆಂಕಿ ಬೀಳಲಿ! ಬುದ್ಧಿ ಉಂಟಾ ನಿಮಗೆ? ಚೆಂಡು ಕೊಟ್ರು ಮಾರಾಯ್ರೆ ಅವಳಿಗೆ, ಚೆಂಡು ಕೊಟ್ರು!”

ಅವರು ಅಳಬೇಡ ಅಳಬೇಡ ಎನ್ನುತ್ತಿದ್ದರು. ಯಾರು ಅಳ್ತಾ ಇದ್ದಾರೆ ಎಂದು ಅದಕ್ಕೂ ಬೈದೆ.